ಇನ್ನೂರ ಹನ್ನೆರಡನೇ ಬಿಲ್ಲೆ

ಒಂದಾನೊಂದು ಕಾಲದಲ್ಲಿ ಒಂದು ಊರಿತ್ತಂತೆ. ಆ ಊರಿನ ಕೆಳಗೆ ಇನ್ನೊಂದು ಊರಿತ್ತಂತೆ. ಮೇಲಿನ ಊರಿನಲ್ಲಿ ಬಿಸಿಲು, ಕೋಳಿ, ಹೆಂಗಸರು, ಮಕ್ಕಳು. ಕೆಳಗಿನ ಊರಿನಲ್ಲಿ ಕತ್ತಲೆ, ಬಂಡೆ, ಬಂಡೆಯೊಳಗೆ ಕೂದಲೆಳೆಯಷ್ಟು ಚಿನ್ನ. ಗಂಡಸರು ದಿನಾ ಬೆಳಗ್ಗೆ ಕೆಳಗಿನ ಊರಿಗೆ ಇಳಿದು ಸಂಜೆಗೆ ಹತ್ತಿ ಬರುತ್ತಿದ್ದರಂತೆ. ಒಂದು ದಿನ ಒಬ್ಬ ಬರಲಿಲ್ಲವಂತೆ.

ಈ ಕತೆ ಕೇಳುವವರು ನಡುನಡುವೆ ಹೂಂ ಅನ್ನುತ್ತಿರಬೇಕು. ಹಾಗೆಂದು ಆರೋಗ್ಯಮ್ಮ ಹೇಳುತ್ತಿದ್ದರು. ಹೂಂ ಅನ್ನುವವರಿಲ್ಲದಿದ್ದರೆ ಕತೆಗೆ ಮನೆಯ ದಾರಿ ಮರೆತುಹೋಗುತ್ತದಂತೆ.

ನಾನು ಒಂದು ಬಿಲ್ಲೆ. ಊಟದ ತಟ್ಟೆಗಿಂತ ಚಿಕ್ಕವನು, ಅಂಚು ದಪ್ಪ, ಬೆನ್ನು ಸ್ವಲ್ಪ ಉಬ್ಬು. ನನ್ನನ್ನು ಗಾಳಿಯಲ್ಲಿ ಎಸೆದು, ದೂರದ ಕಂಬಕ್ಕೆ ಕಟ್ಟಿದ ಸರಪಳಿಗಳಿಗೆ ತಾಗಿಸಿ, ಅದರ ಕೆಳಗಿನ ಬುಟ್ಟಿಯೊಳಗೆ ಬೀಳಿಸಬೇಕು. ಅಷ್ಟೇ ಆಟ. ಡಿಸ್ಕ್ ಗಾಲ್ಫ್ ಎಂದು ಅದರ ಹೆಸರು. ನಮ್ಮ ಬಂಗಾರದಿನ್ನೆಯಲ್ಲಿ ಮಾತ್ರ ಎಲ್ಲರೂ ಬಿಲ್ಲೆಯಾಟ ಅನ್ನುತ್ತಾರೆ.

ಬಿಲ್ಲೆಯಾಗುವ ಮೊದಲು ನಾನು ಒಂದು ತಲೆಯ ಮೇಲಿದ್ದೆ. ಗಣಿ ಕೆಲಸಗಾರ ಇನ್ನಾಸಪ್ಪನವರ ಹಳದಿ ಹೆಲ್ಮೆಟ್ ಆಗಿದ್ದೆ. ಒಂದು ಸಾರಿ ಕಲ್ಲು ಬಿದ್ದು ಬಿರುಕು ಬಿಟ್ಟೆ. ಅವರಿಗೆ ಹೊಸದನ್ನು ಕೊಟ್ಟರು. ನನ್ನನ್ನು ಮನೆಗೆ ತಂದು ಅಡುಗೆಮನೆಯ ಮೊಳೆಗೆ ನೇತುಹಾಕಿದರು. ಅವರ ಹೆಂಡತಿ ಆರೋಗ್ಯಮ್ಮ ನನ್ನೊಳಗೆ ಈರುಳ್ಳಿ ತುಂಬಿಸಿಟ್ಟರು. ನಾಲ್ಕನೆಯ ದಿನ, ಹೊಸ ಹೆಲ್ಮೆಟ್ ಹಾಕಿಕೊಂಡು ಹೋದ ಇನ್ನಾಸಪ್ಪ ಮೇಲೆ ಬರಲಿಲ್ಲ. ಕೆಳಗೆ ಬಂಡೆ ಸಿಡಿದಿತ್ತು. ದೇಹ ಸಿಗಲಿಲ್ಲ.

ಗಣಿಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿಯೊಬ್ಬನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಹಾಜರಿ ಕಟ್ಟಡದ ಕಿಟಕಿಯ ಪಕ್ಕದ ಹಲಗೆಯಲ್ಲಿ ಅದಕ್ಕೊಂದು ಕೊಕ್ಕೆ. ಇಳಿಯುವಾಗ ಬಿಲ್ಲೆ ತೆಗೆದು ಕೊರಳಿಗೆ ಹಾಕಿಕೊಳ್ಳಬೇಕು, ಹತ್ತಿ ಬಂದ ಮೇಲೆ ಮತ್ತೆ ಕೊಕ್ಕೆಗೆ ಹಾಕಬೇಕು. ಕೊಕ್ಕೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಒಬ್ಬನ ಬಿಲ್ಲೆಯನ್ನು ಇನ್ನೊಬ್ಬ ಹಾಕುವಂತಿರಲಿಲ್ಲ. ಎಷ್ಟೇ ಸುಸ್ತಾಗಿರಲಿ, ಅವನವನೇ ನಡೆದು ಬಂದು ಹಾಕಬೇಕು.

ಇನ್ನೂರ ಹನ್ನೆರಡನೇ ಕೊಕ್ಕೆ ಖಾಲಿಯೇ ಉಳಿಯಿತು. ಗಣಿ ಮುಚ್ಚಿ ಹಲಗೆಯನ್ನು ಕಿತ್ತುಹಾಕಿದ ದಿನ ಆರೋಗ್ಯಮ್ಮ ಆ ಕೊಕ್ಕೆಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಪ್ರತಿವರ್ಷ ನವೆಂಬರಿನಲ್ಲಿ ಸತ್ತವರ ಹಬ್ಬ ಬಂದಾಗ, ಪೂಜೆಯಲ್ಲಿ ಓದಲು ಸತ್ತವರ ಹೆಸರು ಕೇಳಿಕೊಂಡು ಚರ್ಚಿನವರು ಬರುತ್ತಿದ್ದರು. ಆರೋಗ್ಯಮ್ಮ ತಮ್ಮ ಅತ್ತೆಯ ಹೆಸರು ಬರೆಸುತ್ತಿದ್ದರು, ಮಾವನ ಹೆಸರು ಬರೆಸುತ್ತಿದ್ದರು. ಗಂಡನ ಹೆಸರು ಮಾತ್ರ ಬರೆಸುತ್ತಿರಲಿಲ್ಲ.

"ಶಿಫ್ಟು ಮುಗ್ದಿಲ್ಲ ಅವರದು," ಅನ್ನುತ್ತಿದ್ದರು.

ಮೊಳೆಯ ಮೇಲೆ ತೂಗುತ್ತ ನಾನು ಮೂವತ್ತೈದು ವರ್ಷ ಅವರ ಕತೆಗಳನ್ನು ಕೇಳಿದೆ. ಒಂದು ತಲೆಯ ಬಿಸಿ ನನ್ನೊಳಗೆ ಇನ್ನೂ ಇತ್ತು. ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಈರುಳ್ಳಿಗೂ ಅದನ್ನು ಓಡಿಸಲಾಗಲಿಲ್ಲ.

ಅವರ ಮಗಳು ಫಿಲೋಮಿನಾ ಶಾಲೆಯಲ್ಲಿ ಆಟದ ಟೀಚರ್. ಎಲ್ಲಿಯೋ ತರಬೇತಿಗೆ ಹೋದವರು ಈ ಆಟ ನೋಡಿ ಬಂದರು. ಬಂದವರೇ ಗಣಿಯ ಪಾಳುಜಾಗದಲ್ಲಿ ಹಗ್ಗ ಹಿಡಿದು ಹೆಜ್ಜೆ ಅಳೆಯುತ್ತ ನಿಂತರು. ಸೈಕಲ್ ರಿಮ್ಮು, ಬಾವಿಯ ಸರಪಳಿ ಬೆಸೆದು ಒಂಬತ್ತು ಬುಟ್ಟಿ ಮಾಡಿಸಿದರು. ಒಂಬತ್ತನೆಯದರ ನೆತ್ತಿಗೆ ಅಮ್ಮನ ಸೆರಗಿನ ಕೊಕ್ಕೆಯನ್ನು ಬೆಸೆಸಿದರು.

"ಅಮ್ಮಾ, ಅಪ್ಪನ ಹೆಲ್ಮೆಟ್ ಕೊಡು. ಅದರಲ್ಲೇ ಬಿಲ್ಲೆ ಮಾಡಿಸ್ತೀನಿ. ನಂಬರೂ ಹಾಕೋಣ. ನಾನೇ ಎಸೀತೀನಿ, ಒಂಬತ್ತನೇ ಬುಟ್ಟಿಗೆ ಬೀಳಿಸ್ತೀನಿ. ಅಪ್ಪನ ಕೊಕ್ಕೆ ತುಂಬ್ತದೆ."

ಆರೋಗ್ಯಮ್ಮ ನನ್ನನ್ನು ಮೊಳೆಯಿಂದ ಇಳಿಸಿದರು. ಆಮೇಲೆ ಈರುಳ್ಳಿಯನ್ನು ಮೊರಕ್ಕೆ ಸುರಿದರು.

"ಒಂದೇ ಎಸೆತದಲ್ಲಿ ಬೀಳ್ಬೇಕು. ಮಧ್ಯದಲ್ಲಿ ಬಿದ್ದಿದ್ದನ್ನ ಎತ್ಕೊಂಡು ಹೋಗಿ ಹಾಕಿದ್ರೆ ನೀನು ಹಾಕಿದ ಹಾಗೆ. ಅವರೇ ಬಂದು ಹಾಕ್ದಂಗಿರ್ಬೇಕು."

"ಆಗ ಪೂಜೆಗೆ ಹೆಸರು ಬರೆಸ್ತೀಯಾ?"

"ಮೊದ್ಲು ಬೀಳ್ಸು. ಆಮೇಲೆ ಬರೆಸ್ತೀನಿ."

ಹೀಗೆ ನನ್ನ ಹುಟ್ಟಿಗೆ ಮೊದಲೇ ನನ್ನ ಕೆಲಸ ನಿಶ್ಚಯವಾಗಿತ್ತು.

ಬುಡೇನ್ ಸಾಬರ ಶೆಡ್ಡಿನಲ್ಲಿ ಬಕೆಟ್ಟಿನ ಮುಚ್ಚಳ, ಸೋಪಿನ ಡಬ್ಬಿ ಮಾಡುತ್ತಿದ್ದರು. ನನ್ನನ್ನು ಕೈಗೆತ್ತಿಕೊಂಡು ಅವರು ತಿರುಗಿಸಿ ತಿರುಗಿಸಿ ನೋಡಿದರು.

"ಟೀಚರಮ್ಮಾ, ಇದು ಇನ್ನಾಸಣ್ಣಂದು ಅಲ್ವಾ? ಹಬ್ಬಕ್ಕೆ ನಮ್ಮನೆಗೆ ಬಂದ್ರೆ ಎರಡು ಸಲ ಬಿರಿಯಾನಿ ಹಾಕಿಸ್ಕೊಳ್ಳೋರು. ಇದನ್ನ ಪುಡಿ ಮಾಡು ಅಂತೀರಲ್ಲ, ನನ್ನ ಕೈ ಹೆಂಗೆ ಬರ್ತದೆ?"

ಕೈ ಬರಲಿಲ್ಲವೆಂದು ಮೊಮ್ಮಗಳು ಶಾಹೀನಳನ್ನು ಕರೆದರು. ಕಾಲೇಜಿಗೆ ಹೋಗುವ ಹುಡುಗಿ. ಎಡಗೈಯವಳು. ನನ್ನನ್ನು ಪುಡಿಯಂತ್ರಕ್ಕೆ ಹಾಕಿದ್ದು ಆ ಎಡಗೈ. ಒಂದು ಬಿಳಿ ಮಗ್ಗಿನ ಚೂರುಗಳ ಜೊತೆ ಕರಗಿದೆ. ಅಚ್ಚಿನಲ್ಲಿ ಒತ್ತಿದರು. ಆರಿದಾಗ ನೋಡಿಕೊಂಡರೆ ದುಂಡಗಿದ್ದೆ, ಹಳದಿಯಲ್ಲಿ ಬಿಳಿ ಗೆರೆಗಳು ಹೊಗೆಯಂತೆ ಹರಿದಿದ್ದವು. ಆರೋಗ್ಯಮ್ಮ ಮೊಳೆ ಕಾಯಿಸಿ ನನ್ನ ಹೊಟ್ಟೆಯ ಮೇಲೆ ನಂಬರನ್ನು ಸುಟ್ಟು ಬರೆದರು. ಇನ್ನೂರ ಹನ್ನೆರಡು. ಕೆಳಗೆ ಟೀಚರು ತಮ್ಮ ಹೆಸರನ್ನೂ ಬರೆದರು. ಕಳೆದುಹೋದರೆ ಸಿಕ್ಕವರು ತಂದುಕೊಡಲೆಂದು ಬಿಲ್ಲೆಗಳ ಮೇಲೆ ಹೆಸರು ಬರೆಯುವುದು ಈ ಆಟದ ರೂಢಿ.

ಹಾರುವುದನ್ನು ಕಲಿತಾಗ ನಾನು ಎಸೆಯುವವರನ್ನೂ ಕಲಿತೆ. ಅವರ ನಾಲ್ಕು ಬೆರಳು ನನ್ನ ಅಂಚಿನ ಒಳಗಿರುತ್ತವೆ, ಹೆಬ್ಬೆರಳು ಬೆನ್ನ ಮೇಲೆ. ಕೈಯ ಮನಸ್ಸೆಲ್ಲ ಆ ಹೆಬ್ಬೆರಳಿನಲ್ಲಿದೆ.

ಟೀಚರು ನಾಲ್ಕನೇ ಬುಟ್ಟಿಯನ್ನು ಮೊದಲು ಬಟ್ಟಬಯಲಲ್ಲಿ ನಿಲ್ಲಿಸಿದ್ದರು. ಎಸೆದರೆ ಹೋಗುತ್ತಿದ್ದೆ, ಬೀಳುತ್ತಿದ್ದೆ. ಹೆಬ್ಬೆರಳು ನಿದ್ದೆ ಮಾಡುತ್ತಿತ್ತು. ಮೂರನೇ ಭಾನುವಾರಕ್ಕೆ ಆಡುವವರು ಅಲ್ಲಿ ಸೀಬೆಹಣ್ಣು ತಿನ್ನುತ್ತ ಕೂತರು. ಆಗ ಬುಟ್ಟಿಯನ್ನು ಎಳೆದು ಹುಣಸೆಮರದ ನೇರ ಹಿಂದಕ್ಕೆ ಇಟ್ಟರು. ಚೆನ್ನಾಗಿ ಎಸೆದವರದೂ ಕಾಂಡಕ್ಕೆ ಬಡಿಯಿತು, ಕೆಟ್ಟದಾಗಿ ಎಸೆದವರದೂ ಬಡಿಯಿತು. ಯಾರದೋ ಒಂದು ಬಿಲ್ಲೆ ಕೊಂಬೆಗೆ ತಾಗಿ ಪುಟಿದು ಬುಟ್ಟಿಗೆ ಬಿತ್ತು.

"ಇದು ಆಟ ಅಲ್ಲ ಟೀಚರ್, ಲಾಟರಿ," ಎಂದಳು ಶಾಹೀನ.

ಟೀಚರು ಸಿಟ್ಟಾಗಲಿಲ್ಲ. ಬುಟ್ಟಿಯನ್ನು ಆರು ಹೆಜ್ಜೆ ಪಕ್ಕಕ್ಕೆ ಸರಿಸಿದರು. ಎರಡು ಕೆಳಗೊಂಬೆಗಳನ್ನು ಸವರಿಸಿದರು. ಈಗ ಕೊಂಬೆಯ ಕೆಳಗೆ ನುಗ್ಗಿದರೆ ಒಂದೇ ಎಸೆತದಲ್ಲಿ ಬುಟ್ಟಿಯ ಬುಡ. ಆದರೆ ಒಂದು ಗೇಣು ತಪ್ಪಿದರೆ ಪೊದೆ. ಮರವನ್ನು ಬಳಸಿ ಹೋದರೆ ಭಯವಿಲ್ಲ, ಎಸೆತ ಮಾತ್ರ ಒಂದು ಹೆಚ್ಚು. ಹೊಸಬರಿಗೂ ಒಂದು ದಾರಿ, ಪಳಗಿದವರಿಗೂ ಒಂದು ದಾರಿ. ಆ ಭಾನುವಾರ ಹೆಬ್ಬೆರಳುಗಳು ಒಂದು ಕ್ಷಣ ನನ್ನ ಬೆನ್ನ ಮೇಲೆ ನಿಂತು ಯೋಚಿಸಿದವು. ಆಹಾ, ಆ ಒಂದು ಕ್ಷಣ! ಅದಕ್ಕಾಗಿಯೇ ನಾವು ಬಿಲ್ಲೆಗಳು ಬದುಕುವುದು. ಮಧ್ಯಾಹ್ನದ ಊಟಕ್ಕೆ ಯಾರೂ ಮನೆಗೆ ಹೋಗಲಿಲ್ಲ.

ಹೀಗೆ ಎಂಟು ಬುಟ್ಟಿಗಳು ಸರಿಹೋದವು. ಆರನೆಯದು ನೀರಿನ ಕೊಡ ಹೊತ್ತವರ ದಾರಿಗೆ ಅಡ್ಡ ಬರುತ್ತದೆಂದು ಅದನ್ನು ಪೂರ್ತಿ ಬೇರೆ ಕಡೆ ತಿರುಗಿಸಿದರು. ಒಂಬತ್ತನೆಯದನ್ನು ಮಾತ್ರ ಟೀಚರು ಒಂದು ಬೆರಳಿನಷ್ಟೂ ಕದಲಿಸಲಿಲ್ಲ.

ಅದು ನಿಂತಿದ್ದುದು ಇನ್ನಾಸಪ್ಪ ಇಳಿದ ಗಣಿಬಾವಿಯ ಬೇಲಿಯಿಂದ ನಾಲ್ಕೇ ಹೆಜ್ಜೆಯಲ್ಲಿ. ಬಾವಿಯ ಬಾಯಿಗೆ ಕಾಂಕ್ರೀಟ್ ಚಪ್ಪಡಿ ಹಾಕಿ, ನಡುವೆ ಗಾಳಿಯಾಡಲು ಒಂದು ಕಬ್ಬಿಣದ ಜಾಲರಿ ಬಿಟ್ಟಿದ್ದರು. ಸುತ್ತ ಮುಳ್ಳುತಂತಿ, ಜಾಲಿಮುಳ್ಳು. ಹಾಜರಿ ಕಟ್ಟಡದ ಮುಂದಿನ ಹೊಂಗೆಮರದ ಬಳಿ ಎಸೆಯಲು ನಿಂತರೆ ಬೇಲಿ ಎಡಕ್ಕೆ. ಬಲಕ್ಕೆ ಬುಟ್ಟಿಯವರೆಗೂ ಎತ್ತರದ ಕಲ್ಲುಗೋಡೆ. ನಡುವೆ ಸಣ್ಣ ಓಣಿ.

ಟೀಚರು ಮೊದಲ ಸಲ ನನ್ನನ್ನು ಅಲ್ಲಿ ಎಸೆದಾಗ ಹೆಬ್ಬೆರಳು ನನ್ನ ಬೆನ್ನನ್ನು ಬಿಗಿಯಾಗಿ ಒತ್ತಿತ್ತು. ಎಸೆತ ನೇರವಾಗಿತ್ತು, ಚೆನ್ನಾಗಿತ್ತು. ಬುಟ್ಟಿ ಹತ್ತಿರ ಬಂತು. ಆಗ ನನ್ನ ವೇಗ ಇಳಿಯಿತು. ಯಾರೋ ಅಂಚನ್ನು ಹಿಡಿದು ಮೆಲ್ಲಗೆ ಜಗ್ಗಿದಂತಾಯಿತು. ನಾನು ಎಡಕ್ಕೆ ವಾಲಿದೆ. ಬೇಲಿಗೆ ಸಿಕ್ಕಿಕೊಂಡೆ. ಮರುಭಾನುವಾರವೂ ಹಾಗೆಯೇ. ಅದರ ಮರುಭಾನುವಾರವೂ. ಬೇರೆಯವರ ಬಿಲ್ಲೆಗಳೂ ಹಾಗೆಯೇ ವಾಲಿದವು.

"ಬಾವಿ ಎಳೀತದೆ," ಎಂದು ಊರವರು ಮಾತಾಡಿಕೊಂಡರು. ಒಬ್ಬೊಬ್ಬರಾಗಿ ಎಂಟಕ್ಕೇ ಆಟ ನಿಲ್ಲಿಸಿ ಮನೆಗೆ ಹೋಗತೊಡಗಿದರು.

ನಿಜ ಹೇಳುತ್ತೇನೆ, ಹೂಂ ಅನ್ನಿ. ಬಾವಿ ಎಳೆಯಿತೋ ನಾನೇ ವಾಲಿದೆನೋ ನನಗೆ ಗೊತ್ತಿರಲಿಲ್ಲ. ನಾನು ಒಂದು ತಲೆಯ ಮೇಲಿದ್ದವನು. ಆ ತಲೆ ಅಲ್ಲಿ ಕೆಳಗಿತ್ತು.

ಒಂದು ಗಾಳಿಯ ದಿನ ನಾನು ಬೇಲಿಯನ್ನೂ ದಾಟಿ ಹೋದೆ. ಚಪ್ಪಡಿಯ ಮೇಲೆ ಜಾರಿ, ನಂಬರು ಕೆಳಮುಖವಾಗಿ, ಸರಿಯಾಗಿ ಜಾಲರಿಯ ಮೇಲೆ ನಿಂತೆ. ಟೀಚರು ಬೇಲಿಯಾಚೆ ಸಂಜೆಯವರೆಗೂ ನಿಂತಿದ್ದರು. ಆಮೇಲೆ ಅವರು ಬರಲಿಲ್ಲ. ಬಾವಿಯೇ ಇಟ್ಟುಕೊಂಡಿತು ಎಂದುಕೊಂಡು ಆಟವನ್ನೇ ಬಿಟ್ಟರಂತೆ.

ಅಲ್ಲಿ ಎರಡು ಬೇಸಿಗೆ, ಎರಡು ಮಳೆಗಾಲ ಕಳೆದೆ. ಮೇಲಿನಿಂದ ಬಿಸಿಲು. ಕೆಳಗಿನಿಂದ ಜಾಲರಿಯ ಮೂಲಕ ತಣ್ಣನೆಯ ಉಸಿರು. ಬಾವಿ ಬೆಳಗ್ಗೆ ಉಸಿರು ಬಿಡುತ್ತಿತ್ತು, ಮಧ್ಯಾಹ್ನ ಎಳೆದುಕೊಳ್ಳುತ್ತಿತ್ತು. ಬೇಸರಕ್ಕೆ ನಾನು ಆರೋಗ್ಯಮ್ಮನ ಕತೆ ಹೇಳಿಕೊಂಡೆ. ಒಂದಾನೊಂದು ಕಾಲದಲ್ಲಿ ಒಂದು ಊರಿತ್ತಂತೆ, ಎಂದೆ.

ಹೂಂ, ಎಂದಿತು ಕೆಳಗಿನಿಂದ.

ಗಾಳಿಯಿರಬಹುದು. ಆ ಊರಿನ ಕೆಳಗೆ ಇನ್ನೊಂದು ಊರಿತ್ತಂತೆ, ಎಂದೆ. ಹೂಂ. ಒಂದು ದಿನ ಒಬ್ಬ ಬರಲಿಲ್ಲವಂತೆ, ಎಂದೆ. ಈ ಸಲ ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ, ಬಹಳ ಸುಸ್ತಾದವರ ದನಿಯಲ್ಲಿ, ಹೂಂ.

ಅಲ್ಲಿಂದ ಮುಂದಿನ ಕತೆ ನನಗೆ ಗೊತ್ತಿರಲಿಲ್ಲ. ಅಷ್ಟನ್ನೇ ದಿನಾ ಹೇಳಿದೆ. ದಿನಾ ಹೂಂ ಬಂತು.

ನನ್ನನ್ನು ಅಲ್ಲಿಂದ ಎತ್ತಿದ್ದು ಆಡು ಮೇಯಿಸುವ ಮುನಿಯಮ್ಮ. ಆಡುಗಳಿಗೆ ಜಾಲಿಕಾಯಿ ಕೀಳುವ ಉದ್ದನೆಯ ದೋಟಿಯನ್ನು ಬೇಲಿಯೊಳಗೆ ತೂರಿಸಿ ನನ್ನನ್ನು ಎಳೆದುಕೊಂಡಳು.

"ಬಾರಪ್ಪ, ಯಾರ ಮನೆ ಮುಚ್ಚಳಾನೋ. ನಮ್ಮ ಕೋಳಿಗೂಡಿಗೆ ಬಾಗಿಲಾಯ್ತೀಯ," ಎಂದಳು.

ಅವಳಿಗೆ ಓದು ಬಾರದು. ಕಾದ ಕಬ್ಬಿಣದಿಂದ ನನ್ನ ಅಂಚಿನ ಬಳಿ ಒಂದು ತೂತು ಕೊರೆದು, ತಂತಿ ಕಟ್ಟಿ ಗೂಡಿನ ಬಾಯಿಗೆ ತೂಗುಹಾಕಿದಳು. ಒಂದು ವರ್ಷ ಕೋಳಿಗಳನ್ನು ಕಾದೆ. ಬದುಕು ಕೆಟ್ಟದಾಗಿರಲಿಲ್ಲ. ಆದರೆ ಗಾಳಿ ಬಂದಾಗಲೆಲ್ಲ ಆ ತೂತು ಸಿಳ್ಳೆ ಹಾಕುತ್ತಿತ್ತು, ಥೇಟ್ ಹಳೆಯ ಕಾಲದಲ್ಲಿ ಗಣಿಯ ಶಿಫ್ಟು ಬಿಡುವಾಗಿನ ಕೂಗಿನಂತೆ. ಆ ಸಿಳ್ಳೆಗೆ ಕೋಳಿಗಳು ಸುಮ್ಮನಾಗಿ ಬಾವಿಯ ಕಡೆ ನೋಡುತ್ತಿದ್ದವು.

ಮೊಟ್ಟೆ ಕೊಳ್ಳಲು ಬಂದ ಶಾಹೀನ ಆ ಸಿಳ್ಳೆ ಕೇಳಿ ಬಗ್ಗಿ ನೋಡಿದಳು. ನಂಬರು ಓದಿದಳು.

"ಮುನಿಯಮ್ಮಕ್ಕಾ! ಇದು ಎಲ್ಲಿ ಸಿಗ್ತು ನಿಂಗೆ?"

"ಬಾವಿ ಮ್ಯಾಲೆ ಬಿದ್ದಿತ್ತವ್ವ. ಯಾಕೆ, ನಿಂದಾ?"

"ನಂದಲ್ಲ. ಇನ್ನಾಸಜ್ಜಂದು."

ಮುನಿಯಮ್ಮ ತಂತಿ ಬಿಚ್ಚಿಕೊಟ್ಟಳು. ಕೊಡುವ ಮೊದಲು ಸೆರಗಿನಿಂದ ಒರೆಸಿದಳು.

ಶಾಹೀನ ನೇರವಾಗಿ ಟೀಚರ ಮನೆಗೆ ಹೋಗಲಿಲ್ಲ. ಒಂಬತ್ತನೇ ಬುಟ್ಟಿಗೆ ಹೋಗಿ ನಿಂತಳು. ಅವಳ ಎಡ ಹೆಬ್ಬೆರಳು ನನ್ನ ಬೆನ್ನ ಮೇಲೆ ಬಂತು. ಹಿಂದೆ ಎರಡು ಸಲ ಅವಳು ತನ್ನ ಬಿಲ್ಲೆಯನ್ನು ಅಲ್ಲಿ ಬುಟ್ಟಿಗೆ ಬೀಳಿಸಿದ್ದಳು, ಅದೃಷ್ಟ ಎಂದುಕೊಂಡಿದ್ದಳು. ಈಗ ನನ್ನನ್ನು ಎಸೆದಳು, ಬೇಕೆಂದೇ ಬುಟ್ಟಿಗೆ ತಾಗದಂತೆ, ತಗ್ಗಾಗಿ. ನಾನು ಬೇಲಿಯ ಪಕ್ಕದಲ್ಲಿಯೇ ಹೋದೆ. ವೇಗ ಇಳಿಯಿತು. ಜಗ್ಗುವ ಕೈಗಾಗಿ ಕಾದೆ. ಜಗ್ಗಿತು. ಬಲಕ್ಕೆ! ಬಾವಿಯಿಂದ ದೂರಕ್ಕೆ!

ಮರುದಿನ ಅವಳು ಟೀಚರನ್ನೂ ಆರೋಗ್ಯಮ್ಮನನ್ನೂ ಅಲ್ಲಿಗೆ ಕರೆತಂದಳು. ಎಂಬತ್ತಮೂರು ವರ್ಷದ ಆರೋಗ್ಯಮ್ಮನಿಗೆ ಹಾಜರಿ ಕಟ್ಟಡದ ಕಿಟಕಿಯ ಬಳಿ ಒಂದು ಕುರ್ಚಿ ಹಾಕಿದರು. ನನ್ನನ್ನು ಕಂಡು ಟೀಚರ ಮುಖ ಬೆಳ್ಳಗಾಯಿತು.

"ಬಾವಿ ಎಳೆಯಲ್ಲ ಟೀಚರ್," ಎಂದಳು ಶಾಹೀನ. "ಬಲಗೈಯಲ್ಲಿ ಎಸೆದ್ರೆ ಕೊನೇಗೆ ಎಡಕ್ಕೆ ವಾಲ್ತದೆ, ಎಡಗೈಯಲ್ಲಿ ಎಸೆದ್ರೆ ಬಲಕ್ಕೆ. ನೀವೇ ಹೇಳ್ಕೊಟ್ಟಿದ್ದು. ಬಲಗೈಯೋರು ಸ್ವಲ್ಪ ಬಲಕ್ಕೆ ಎಸೀಬೇಕು. ಎಸೆಯೋಕೆ ಗೋಡೆ ಬಿಡಲ್ಲ. ನೀವು ಎಷ್ಟು ಚೆನ್ನಾಗಿ ಎಸೆದ್ರೂ ಬೇಲಿಗೇ ಹೋಗ್ತದೆ. ನಂಗೆ ಮಾತ್ರ ಸುಲಭ. ಉಳಿದ ಎಂಟು ಬುಟ್ಟಿ ಕಟ್ಟಿದೋರು ಇಂಥ ಬುಟ್ಟಿ ಕಟ್ತಾರಾ?"

"ಹಾಗಾದ್ರೆ ನೀನೇ ಬೀಳಿಸ್ಬಿಡು," ಎಂದರು ಟೀಚರು.

"ಬೀಳಿಸ್ತಿದ್ದೆ. ಅಜ್ಜಿಗೆ ಮಾತು ಕೊಟ್ಟೋರು ನೀವು. ಬುಟ್ಟಿ ಸರಿಸಿ ಟೀಚರ್."

"ಸರಿಸಲ್ಲ! ಅಪ್ಪ ಇಲ್ಲೇ ಇದಾರೆ. ಅವರ ಕೊಕ್ಕೆ ಅವರ ಹತ್ರಾನೇ ಇರ್ಬೇಕು."

ಕುರ್ಚಿಯಲ್ಲಿದ್ದ ಆರೋಗ್ಯಮ್ಮ ಕೋಲಿನಿಂದ ನೆಲ ಕುಟ್ಟಿದರು.

"ಪಿಲೋಮೀ, ಕೊಕ್ಕೆ ಬಾವಿ ಹತ್ರ ಇತ್ತೇನೇ? ನನ್ನನ್ನ ಒಂದು ಮಾತು ಕೇಳಿದ್ಯಾ? ಇಲ್ಲಿತ್ತು, ಈ ಕಿಟಕಿ ಪಕ್ಕ. ಮೇಲೆ ಬಂದೋರು ಅಲ್ಲಿಂದ ಇಲ್ಲೀವರೆಗೂ ನಡ್ಕೊಂಡು ಬರೋರು. ಆ ಹೊಂಗೆಮರದ ಕೆಳಗೆ ನಿಂತು ಒಂದು ಬೀಡಿ ಸೇದೋರು ನಿಮ್ಮಪ್ಪ. ನೀನು ಇಷ್ಟು ದಿನ ಅವರನ್ನ ಮತ್ತೆ ಮತ್ತೆ ಬಾವಿಗೇ ಕಳಿಸ್ತಿದ್ದೀಯ."

ಟೀಚರು ಬೇಲಿಯನ್ನು ನೋಡಿದರು. ಮರ ನೋಡಿದರು. ಕಿಟಕಿ ನೋಡಿದರು. ಆಮೇಲೆ ಕೆಳಗೆ ಕೂತು, ಮಣ್ಣಿನ ಮೇಲೆ ಬೆರಳಿನಿಂದ ಒಂದು ಗೀಟು ಎಳೆದರು. ಅಳುತ್ತಲೇ ಇದ್ದರು, ಅಳುತ್ತಲೇ ಅಳತೆ ಹಾಕುತ್ತಿದ್ದರು.

ಒಂದು ವಾರದಲ್ಲಿ ಒಂಬತ್ತನೆಯದು ಹಿಂದುಮುಂದಾಯಿತು. ಬುಟ್ಟಿ ಹಾಜರಿ ಕಟ್ಟಡದ ಕಿಟಕಿಯ ಮುಂದೆ ಬಂತು. ಎಸೆಯುವ ಕಟ್ಟೆ ಬಾವಿಯ ಬೇಲಿಗೆ ಬೆನ್ನು ಹಾಕಿತು.

"ಈಗ ನಂಗೆ ಮೋಸ!" ಎಂದು ಶಾಹೀನ ಕೂಗಿದಳು. "ಗೋಡೆ ಈಗ ಎಡಕ್ಕೆ ಬಂತಲ್ಲ. ಎಡಗೈಯೋರು ಏನು ಮಾಡ್ಬೇಕು?"

ಟೀಚರು ನಕ್ಕರು. ಮೂರು ವರ್ಷದಲ್ಲಿ ಮೊದಲ ಸಲ. ಕಟ್ಟೆಯನ್ನು ಹತ್ತು ಹೆಜ್ಜೆ ಮುಂದೆ, ಗೋಡೆ ಮುಗಿಯುವಲ್ಲಿಗೆ ಒಯ್ದರು. ಈಗ ನಡುವೆ ಹೊಂಗೆಮರ ಒಂದೇ. ಬಲಗೈಯವರು ಮರದ ಬಲದಿಂದ ಸುತ್ತಿ ಬರಬಹುದು, ಎಡಗೈಯವರು ಎಡದಿಂದ. ಧೈರ್ಯವಿದ್ದವರು ಕೊಂಬೆಯ ಕೆಳಗೆ ನೇರವಾಗಿ ನುಗ್ಗಬಹುದು. ಹೊಸಬರು ಮರದವರೆಗೆ ಒಂದು, ಅಲ್ಲಿಂದ ಒಂದು ಎಂದು ಎರಡು ಎಸೆತದಲ್ಲಿ ಬರಬಹುದು. ದೂರ ಎಸೆದರೆ ಕಟ್ಟಡದ ಗೋಡೆ ತಡೆಯುತ್ತದೆ. ಯಾವ ಬಿಲ್ಲೆಯೂ ಬಾವಿಗೆ ಹೋಗುವುದಿಲ್ಲ. ಎಂಟಕ್ಕೇ ಮನೆಗೆ ಹೋಗುತ್ತಿದ್ದವರು ಮರಳಿ ಬಂದು, ಯಾವ ದಾರಿ ಒಳ್ಳೆಯದೆಂದು ಜಗಳವಾಡತೊಡಗಿದರು.

ಆದರೂ ಒಂದೇ ಎಸೆತದಲ್ಲಿ ಬೀಳುವುದು ಹುಡುಗಾಟವಲ್ಲ. ಮೊದಲ ಭಾನುವಾರ ಮರಕ್ಕೆ ತಾಗಿದೆ. ಎರಡನೆಯದರಲ್ಲಿ ಬುಟ್ಟಿಗೆ ಮೊಳ ಮುಂಚೆ ಬಿದ್ದೆ. ಮೂರನೆಯದರಲ್ಲಿ ಸರಪಳಿಗೆ ತಾಗಿ ಹೊರಕ್ಕೆ ಸಿಡಿದೆ. "ಹತ್ರ ಬಂದವ್ರೆ," ಎಂದರು ಆರೋಗ್ಯಮ್ಮ ಕುರ್ಚಿಯಿಂದ. ಪ್ರತಿಸಲವೂ ತಪ್ಪು ಯಾರದೆಂದು ಟೀಚರಿಗೆ ಗೊತ್ತಿತ್ತು. ಕೈಯದು. ಬಾವಿಯದಲ್ಲ. ಅದಕ್ಕೇ ಅವರು ಮುಂದಿನ ಭಾನುವಾರವೂ ಬರುತ್ತಿದ್ದರು.

ನಾಲ್ಕನೆಯ ಭಾನುವಾರ. ಸತ್ತವರ ಹಬ್ಬಕ್ಕೆ ಮೂರು ದಿನ ಉಳಿದಿತ್ತು. ಬೆಳಗಿನ ಬಿಸಿಲು. ಟೀಚರು ಬಾವಿಗೆ ಬೆನ್ನು ಮಾಡಿ ನಿಂತರು. ಹೆಬ್ಬೆರಳು ಬಂದು ಕೂತಿತು. ಬಿಗಿಯಾಗಿ ಒತ್ತಲಿಲ್ಲ. ಮರದ ಬಲವೋ, ಕೊಂಬೆಯ ಕೆಳಗೋ ಎಂದು ಒಂದು ಕ್ಷಣ ಯೋಚಿಸಿತು. ಬಲ, ಎಂದಿತು.

ಹೊರಟೆ. ಮುನಿಯಮ್ಮ ಕೊರೆದ ತೂತು ಸಿಳ್ಳೆ ಹಾಕಿತು. ಶಿಫ್ಟು ಬಿಟ್ಟಿತು. ಹಿಂದಿನಿಂದ ತಣ್ಣನೆಯ ಉಸಿರೊಂದು ನನ್ನ ಜೊತೆಗೇ ಹೊರಟಿತು. ನನ್ನೊಳಗೆ ಕೊಬ್ಬರಿ ಎಣ್ಣೆಯ ವಾಸನೆ ಎದ್ದಿತು. ತೂಕ ಹೆಚ್ಚಾಯಿತು. ಒಬ್ಬ ಮನುಷ್ಯನ ತಲೆಯಷ್ಟು ಭಾರವಾದೆ, ಆದರೂ ಹಾರುತ್ತಿದ್ದೆ. ಹೊಂಗೆಯ ನೆರಳಿನ ಅಂಚು ಮುಟ್ಟಿದಾಗ ಗಾಳಿಯಲ್ಲಿಯೇ ಒಂದು ಚೂರು ತಡೆದೆ, ಬೀಡಿ ಸೇದುವಷ್ಟು ಹೊತ್ತು ಎಂದು ನನಗೆ ಅನ್ನಿಸಿತು. ವೇಗ ಇಳಿಯಿತು. ಆ ಹಳೆಯ ಕೈ ನನ್ನ ಅಂಚನ್ನು ಹಿಡಿದು ಮೆಲ್ಲಗೆ ಎಡಕ್ಕೆ ಜಗ್ಗಿತು. ಈ ಸಲ ಎಡಕ್ಕೆ ಕಿಟಕಿಯಿತ್ತು.

ಸರಪಳಿಗಳು ಝಲ್ಲೆಂದವು.

ಶಾಹೀನ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಟೀಚರು ಎಸೆದ ಕೈಯನ್ನು ಇಳಿಸದೆ ಹಾಗೆಯೇ ನಿಂತರು. ಆರೋಗ್ಯಮ್ಮ ಕೋಲೂರಿ ಎದ್ದು, ಐದು ಹೆಜ್ಜೆ ನಡೆದು ಬುಟ್ಟಿಯ ಬಳಿ ಬಂದರು. ನನ್ನನ್ನು ಮುಟ್ಟಲಿಲ್ಲ. ಬುಟ್ಟಿಯ ತಳದಲ್ಲಿ ನಂಬರು ಮೇಲಾಗಿ ಬಿದ್ದಿದ್ದೆ. ಅವರು ನೋಡುತ್ತಿದ್ದುದು ನನ್ನನ್ನಲ್ಲ, ನನಗಿಂತ ಸ್ವಲ್ಪ ಮೇಲೆ, ಒಬ್ಬ ಗಂಡಸಿನ ಮುಖ ಇರುವ ಎತ್ತರಕ್ಕೆ.

"ಬಂದ್ರಾ," ಎಂದರು. "ಕೈಕಾಲು ತೊಳ್ಕೊಳ್ಳಿ. ಮುದ್ದೆ ಆರ್ತದೆ."

ಆಮೇಲೆ ತಿರುಗಿ ಮಗಳಿಗೆ ಹೇಳಿದರು: "ಚರ್ಚಿನೋರಿಗೆ ಹೇಳು. ಹೆಸರು ಬರ್ಕೊಳ್ಳಲಿ."

ನಾನು ಈಗಲೂ ಆ ಕಿಟಕಿಯ ಬಳಿಯೇ ಇದ್ದೇನೆ. ನನ್ನ ತೂತು ಆ ಕೊಕ್ಕೆಗೆ ಸರಿಯಾಗಿ ಹೊಂದಿತು. ಬೇರೆ ಬಿಲ್ಲೆಗಳು ಬಂದು ಸರಪಳಿಗೆ ಬಡಿದು ನಗುತ್ತವೆ, ಮರಕ್ಕೆ ತಾಗಿ ಗೊಣಗುತ್ತವೆ. ನನ್ನನ್ನು ಇನ್ನು ಯಾರೂ ಎಸೆಯುವುದಿಲ್ಲ. ಆ ದಿನ ಸಂಜೆ, ಕೊನೆಯ ಸಲಕ್ಕೆಂದು, ಕತೆಯನ್ನು ಪೂರ್ತಿ ಹೇಳಿದೆ. ಒಂದಾನೊಂದು ಕಾಲದಲ್ಲಿ ಒಂದು ಊರಿತ್ತಂತೆ. ಆ ಊರಿನ ಕೆಳಗೆ ಇನ್ನೊಂದು ಊರಿತ್ತಂತೆ. ಒಂದು ದಿನ ಒಬ್ಬ ಬರಲಿಲ್ಲವಂತೆ. ಇನ್ನೊಂದು ದಿನ ಬಂದನಂತೆ.

ಕಿವಿಗೊಟ್ಟೆ. ಬಾವಿಯ ಕಡೆಯಿಂದ ಯಾರೂ ಹೂಂ ಅನ್ನಲಿಲ್ಲ.